ಹಾಜರಿ ಪುಸ್ತಕ ನಿಮ್ಮ ಹತ್ತಿರ, ಸಾಕ್ಷಿ ಕೇಳೋದು ಅವರ ಹತ್ತಿರ

ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಮುಖ್ಯ ಆಯುಕ್ತರಿಗೆ, ಐದೂ ನಗರ ಪಾಲಿಕೆಗಳ ಆಯುಕ್ತರಿಗೆ, ಆ ಪಾಲಿಕೆಗಳಿಗೆ ಆರಿಸಿ ಬರುವ ಸದಸ್ಯರಿಗೆ,

ಮಾನ್ಯರೇ, ನಮಸ್ಕಾರ.

ನಾನು ಕಾರ್ಮಿಕ ನ್ಯಾಯಾಲಯದಲ್ಲಿ ಕೆಲಸಗಾರರ ಪರ ಕೇಸು ನಡೆಸುವ ವಕೀಲೆ. ನಿಮ್ಮನ್ನು ಒಂದು ಬೈಲಾ, ಅಂದರೆ ಪಾಲಿಕೆ ತಾನೇ ಮಾಡಿಕೊಳ್ಳುವ ನಿಯಮ, ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಗುತ್ತಿಗೆ ಹೇಗೆ ಕೊಡಬೇಕು, ಕೆಲಸ ಮಾಡಿದ್ದಕ್ಕೆ ದಾಖಲೆ ಹೇಗೆ ಇಡಬೇಕು, ಆ ದಾಖಲೆ ನೋಡಿ ಕೆಲಸ ಖಾಯಂ ಹೇಗೆ ಮಾಡಬೇಕು, ಈ ಮೂರೂ ಒಂದೇ ಬೈಲಾದಲ್ಲಿ ಇರಬೇಕು. ಈಗ ಮೂರೂ ಮೂರು ದಿಕ್ಕಿನಲ್ಲಿವೆ. ಟೆಂಡರ್ ಒಂದು ಶಾಖೆ ನೋಡುತ್ತದೆ. ಹಾಜರಿ ಗುತ್ತಿಗೆದಾರ ನೋಡಿಕೊಳ್ಳುತ್ತಾನೆ. ಖಾಯಂ ಮಾಡುವ ವಿಚಾರ ಬಂದಾಗ ಫೈಲು ಮತ್ತೊಂದು ಶಾಖೆಯ ಮೇಜಿಗೆ ಹೋಗುತ್ತದೆ. ಅಲ್ಲಿ ಕೂತವರು ಮೊದಲು ಕೇಳುವುದೇ "ದಾಖಲೆ ಎಲ್ಲಿ?" ಅಂತ.

ಈಗಲೇ ಯಾಕೆ ಅಂದರೆ, ನೀವು ಎಲ್ಲವನ್ನೂ ಹೊಸದಾಗಿ ಬರೆಯುತ್ತಿದ್ದೀರಿ. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಂದು ಜಾರಿಗೆ ಬಂತು. ಸೆಪ್ಟೆಂಬರ್‌ನಲ್ಲಿ ಇಡೀ ಊರಿಗೆ ಇದ್ದ ಒಂದೇ ಪಾಲಿಕೆ ಬಿಬಿಎಂಪಿ ಹೋಗಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ಪಾಲಿಕೆಗಳಾದವು. ಹೊಸ ಪಾಲಿಕೆ ಅಂದ ಮೇಲೆ ಟೆಂಡರ್ ಷರತ್ತು, ಸೇವಾ ನಿಯಮ, ಬೈಲಾ ಎಲ್ಲದಕ್ಕೂ ಕೈ ಹಾಕಲೇಬೇಕು. ಇನ್ನೊಂದು ಮಾತು. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ಈ ಊರಿನ ಗುತ್ತಿಗೆಗಳನ್ನೆಲ್ಲ ಅಧಿಕಾರಿಗಳೇ ನೋಡಿಕೊಂಡರು. ವಾರ್ಡಿನಲ್ಲಿ ಯಾರು ಗುಡಿಸುತ್ತಿದ್ದಾರೆ, ಯಾರ ಹೆಸರಿಗೆ ಬಿಲ್ ಆಗುತ್ತಿದೆ ಅಂತ ಸಭೆಯಲ್ಲಿ ಎದ್ದು ನಿಂತು ಕೇಳಲು ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಇದ್ದಾಗ ಎಷ್ಟು ಜನ ಕೇಳುತ್ತಿದ್ದರು ಅನ್ನುವುದು ಬೇರೆ ವಿಷಯ, ಬಿಡಿ.

ಕೋರ್ಟಿನಲ್ಲಿ ಏನಾಗುತ್ತದೆ ಅಂತ ಮೊದಲು ಹೇಳುತ್ತೇನೆ. ನಿಮ್ಮಲ್ಲಿ ಬಹಳ ಜನ ಅದನ್ನು ನೋಡಿರಲಿಕ್ಕಿಲ್ಲ. ನಿಮ್ಮ ಪರವಾಗಿ ವಕೀಲರು ಬರುತ್ತಾರೆ, ನೀವು ಬರುವುದಿಲ್ಲ.

ರಸ್ತೆ ಗುಡಿಸುತ್ತಿದ್ದ ಹೆಂಗಸೊಬ್ಬರು ಸಾಕ್ಷಿ ಕಟಕಟೆಯಲ್ಲಿ ನಿಂತಿದ್ದಾರೆ ಅಂದುಕೊಳ್ಳಿ. ಇಂಥ ಪಾಟೀಸವಾಲು ಎಷ್ಟು ಕೇಳಿದ್ದೇನೆಂದರೆ ಪ್ರಶ್ನೆ ಬರುವ ಮೊದಲೇ ನನಗೆ ಬಾಯಿಪಾಠ. "ನಿಮಗೆ ನೇಮಕಾತಿ ಆದೇಶ ಕೊಟ್ಟಿದ್ದಾರಾ?" ಇಲ್ಲ. "ಸಂಬಳದ ಚೀಟಿ?" ಇಲ್ಲ, ಕೈಗೆ ದುಡ್ಡು ಕೊಡ್ತಿದ್ರು. "ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಿದ್ದಿರಾ?" ದಿನಾ ಹೆಬ್ಬೆಟ್ಟು ಒತ್ತುತ್ತಿದ್ದೆ. "ಆ ಪುಸ್ತಕವನ್ನು ನ್ಯಾಯಾಲಯಕ್ಕೆ ಹಾಜರುಪಡಿಸಿದ್ದೀರಾ?" ಅದು ಮೇಸ್ತ್ರಿ ಹತ್ರ ಇರ್ತಿತ್ತು ಸ್ವಾಮಿ. ಕೊನೆಗೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ನೀವು ಅಲ್ಲಿ ಕೆಲಸವನ್ನೇ ಮಾಡಿಲ್ಲ, ಖಾಯಂ ನೌಕರಿಯ ಆಸೆಗೆ ಸುಳ್ಳು ಹೇಳುತ್ತಿದ್ದೀರಿ ಎಂದರೆ?" ಆಗ ಆಕೆ ನೆನಪಿಗೆ ಬಂದಷ್ಟನ್ನೂ ಹೇಳುತ್ತಾರೆ. ಯಾವ ರಸ್ತೆ, ಯಾವ ತಿರುವು, ಯಾವ ಮನೆಯ ಮುಂದೆ ನಾಯಿ ಕಚ್ಚಿತು, ಮಗು ಹೊಟ್ಟೆಯಲ್ಲಿದ್ದಾಗ ಎಷ್ಟು ತಿಂಗಳವರೆಗೆ ಪೊರಕೆ ಹಿಡಿದರು, ಎಲ್ಲ. ಟೈಪ್ ಆಗುವುದು ಇಷ್ಟೇ: "ಎಂದರೆ ಸರಿಯಲ್ಲ." ಮುಂದಿನ ಪ್ರಶ್ನೆ.

ನಿಮ್ಮ ಪರ ವಕೀಲರನ್ನು ನಾನು ಬೈಯುತ್ತಿಲ್ಲ. ಆ ಪ್ರಶ್ನೆ ಕೇಳುವುದು ಅವರ ಕೆಲಸ. ಆದರೆ ಅವರ ಕೈಗೆ ಆ ಪ್ರಶ್ನೆ ಕೊಟ್ಟವರು ನೀವು. ಬೆಳಗ್ಗೆ ಆರೂವರೆಗೆ ಹಾಜರಿ ಹಾಕುವ ಮಸ್ಟರಿಂಗ್ ಸೆಂಟರ್‌ನಲ್ಲಿ ಆಕೆಯ ಹೆಸರು ಕೂಗಿದವನು ನಿಮ್ಮ ಕೆಲಸಕ್ಕೆ ನೇಮಕವಾದ ಮೇಸ್ತ್ರಿ. ಯಾವ ರಸ್ತೆ ಗುಡಿಸಬೇಕು ಅಂತ ಹೇಳಿದವರು ನಿಮ್ಮ ಆರೋಗ್ಯ ಪರಿವೀಕ್ಷಕರು. ತಿಂಗಳ ಕೊನೆಗೆ ಇಷ್ಟು ಜನ ಕೆಲಸ ಮಾಡಿದ್ದಾರೆ ಅಂತ ಒಪ್ಪಿಕೊಂಡು ಗುತ್ತಿಗೆದಾರನ ಬಿಲ್ ಪಾಸ್ ಮಾಡಿದ್ದು ನಿಮ್ಮದೇ ಲೆಕ್ಕಪತ್ರ ಶಾಖೆ. ದುಡ್ಡು ಕೊಡುವಾಗ ಆಕೆ ಇದ್ದರು. ಕೇಸು ಹಾಕಿದ ಮೇಲೆ ಇಲ್ಲ.

ಕಾನೂನು ಏನು ಹೇಳುತ್ತದೆ? ಕೆಲಸ ಮಾಡಿದ್ದೇನೆ ಅನ್ನುವವರೇ ಅದನ್ನು ತೋರಿಸಬೇಕು. ಇದು ಹಳೆಯ ನಿಯಮ. ಈ ವಿಷಯದಲ್ಲಿ ದೇಶದ ತುಂಬ ಉದ್ಧರಿಸುವ ಎರಡು ತೀರ್ಪುಗಳು ನಮ್ಮ ರಾಜ್ಯದವೇ. 2002ರಲ್ಲಿ ಒಬ್ಬ ವಲಯ ಅರಣ್ಯಾಧಿಕಾರಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವರ್ಷಕ್ಕೆ 240 ದಿನ (ಕಾರ್ಮಿಕ ಕಾನೂನಿನ ರಕ್ಷಣೆಗೆ ಬೇಕಾದಷ್ಟು ದಿನ) ಕೆಲಸ ಮಾಡಿದ್ದೇನೆ ಅಂತ ಕೆಲಸಗಾರ ಅಫಿಡವಿಟ್ ಹಾಕಿದರೆ ಅದು ಅವನದೇ ಮಾತು, ಅದೊಂದೇ ಸಾಲದು ಎಂದಿತು. 2005ರಲ್ಲಿ ಇನ್ನೊಂದು ಪ್ರಕರಣ ಬಂತು. ಅಲ್ಲಿ ಎದುರಾಳಿ ಒಬ್ಬ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್. ದಿನಗೂಲಿಯವರಿಗೆ ನೇಮಕಾತಿ ಪತ್ರವಾಗಲಿ ಸಂಬಳದ ಚೀಟಿಯಾಗಲಿ ಇರುವುದಿಲ್ಲ ಅನ್ನುವುದನ್ನು ಕೋರ್ಟ್ ಅಲ್ಲಿ ಒಪ್ಪಿಕೊಂಡಿತು. ಕೆಲಸಗಾರ ಮಸ್ಟರ್ ರೋಲ್ (ಹಾಜರಿ ಪಟ್ಟಿ) ತರಿಸಿ ಅಂತ ಕೇಳಿದ್ದ. ಇಲಾಖೆ ಕೊಟ್ಟದ್ದು ಕೆಲವು ಮಾತ್ರ. ಆದರೆ ಅವನ ಕೈಯಲ್ಲಿ ಕೆಲಸ ಮಾಡಿದ್ದಕ್ಕೆ ಒಂದು ಪ್ರಮಾಣಪತ್ರ ಇತ್ತು. ಗೆದ್ದ. ಒಂದು ಹಾಳೆಯ ವ್ಯತ್ಯಾಸ ನೋಡಿ.

ಆಮೇಲೆ ಕಾಲ ಸ್ವಲ್ಪ ಬದಲಾಗಿದೆ. 2025ರ ಜನವರಿ 31ರಂದು ಗಾಜಿಯಾಬಾದ್ ನಗರ ನಿಗಮದ ತೋಟಗಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಇದನ್ನು ನಿಮ್ಮ ಕಾನೂನು ಕೋಶದವರು ಓದಿಯೇ ಇರುತ್ತಾರೆ. ಆ ತೋಟಗಾರರು 1990ರ ದಶಕದ ಕೊನೆಯಿಂದ ಪಾರ್ಕುಗಳಲ್ಲಿ ಕೆಲಸ ಮಾಡುತ್ತಿದ್ದರು. 2005ರಲ್ಲಿ ತೆಗೆದು ಹಾಕಿದರು. "ಅವರು ನಮ್ಮವರಲ್ಲ, ಗುತ್ತಿಗೆದಾರನ ಜನ" ಅಂತ ನಿಗಮ ವಾದಿಸಿತು. ಹಾಗಾದರೆ ಗುತ್ತಿಗೆ ಪತ್ರ ಎಲ್ಲಿ, ಹಾಜರಿ ಎಲ್ಲಿ, ಸಂಬಳ ಕೊಟ್ಟ ದಾಖಲೆ ಎಲ್ಲಿ? ನಂಬುವಂಥದ್ದು ಏನೂ ಬರಲಿಲ್ಲ. ದಾಖಲೆ ಇಟ್ಟುಕೊಳ್ಳಬೇಕಾದವರೇ ಕೊಡದಿದ್ದರೆ ಅದನ್ನು ಅವರ ವಿರುದ್ಧವೇ ತಿಳಿಯಬೇಕಾಗುತ್ತದೆ ಅಂತ ಹೇಳಿ ಕೋರ್ಟ್ ಕೆಲಸಗಾರರನ್ನು ವಾಪಸ್ ತೆಗೆದುಕೊಳ್ಳಲು ಆದೇಶಿಸಿತು. 20 ವರ್ಷ ಆಗಿತ್ತು ಅಷ್ಟು ಹೊತ್ತಿಗೆ.

ಈ ತತ್ವ ಹೊಸದೇನಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 119ನೇ ಕಲಮಿನಲ್ಲೂ ಇದೆ, ಅದಕ್ಕೆ ಮೊದಲು 1872ರ ಕಾಯ್ದೆಯ 114ರಲ್ಲೂ ಇತ್ತು. ಕೈಯಲ್ಲಿರುವ ಸಾಕ್ಷ್ಯ ಮುಚ್ಚಿಟ್ಟರೆ, ಅದು ಹೊರಗೆ ಬಂದರೆ ಮುಚ್ಚಿಟ್ಟವರಿಗೇ ತೊಂದರೆಯಾಗುತ್ತಿತ್ತು ಅಂತ ನ್ಯಾಯಾಲಯ ಭಾವಿಸಬಹುದು. ಕಾರ್ಮಿಕ ನ್ಯಾಯಾಲಯಕ್ಕೆ ಸಾಕ್ಷ್ಯ ಕಾಯ್ದೆ ಅಕ್ಷರ ಅಕ್ಷರವಾಗಿ ಅನ್ವಯವಾಗುವುದಿಲ್ಲ, ತತ್ವ ಅನ್ವಯವಾಗುತ್ತದೆ. ಆದರೆ "ಭಾವಿಸಬಹುದು" ಅಷ್ಟೇ. ಭಾವಿಸಲೇಬೇಕು ಅಂತಿಲ್ಲ. ಹಾಗಾಗಿ ಪ್ರತಿ ಕೇಸಿನಲ್ಲೂ ಮೊದಲಿನಿಂದ ಹೋರಾಡಬೇಕು.

ಪಾಲಿಕೆಯ ಬೈಲಾ ಸಾಕ್ಷ್ಯ ಕಾಯ್ದೆಯನ್ನು ತಿದ್ದಲು ಆಗುವುದಿಲ್ಲ. ಅದು ನನಗೆ ಗೊತ್ತು, ಅದನ್ನು ನಾನು ಕೇಳುತ್ತಲೂ ಇಲ್ಲ. ಆದರೆ ತಾನು ಯಾವ ದಾಖಲೆ ಇಡಬೇಕು, ಎಷ್ಟು ವರ್ಷ ಇಡಬೇಕು, ಯಾರಿಗೆ ನಕಲು ಕೊಡಬೇಕು, ಕೋರ್ಟಿನಲ್ಲಿ ಯಾವ ವಾದ ಮಾಡಬಾರದು ಅಂತ ಪಾಲಿಕೆ ತನಗೆ ತಾನೇ ನಿಯಮ ಹಾಕಿಕೊಳ್ಳಬಹುದು. ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಈಗ ಗುತ್ತಿಗೆಯ ವಿಷಯಕ್ಕೆ ಬರುತ್ತೇನೆ. ದಾಖಲೆ ಯಾಕೆ ಇರುವುದಿಲ್ಲ ಅನ್ನುವುದಕ್ಕೆ ಉತ್ತರ ಅಲ್ಲೇ ಇದೆ.

ಜನರನ್ನು ಪೂರೈಸುವ ಹೊರಗುತ್ತಿಗೆ ಟೆಂಡರ್ ಹೇಗೆ ನಡೆಯುತ್ತದೆ ನೋಡಿ. ಕನಿಷ್ಠ ಕೂಲಿ ಸರ್ಕಾರ ನಿಗದಿ ಮಾಡಿದ್ದು. ಪಿಎಫ್ (ಭವಿಷ್ಯನಿಧಿ), ಇಎಸ್ಐ (ಕಾರ್ಮಿಕರ ವಿಮೆ) ದರವೂ ನಿಗದಿ. ಗುತ್ತಿಗೆದಾರ ಸ್ಪರ್ಧೆ ಮಾಡಬಹುದಾದ್ದು ತನಗಾಗಿ ಕೇಳುವ ಸರ್ವಿಸ್ ಚಾರ್ಜ್ ಒಂದರಲ್ಲಿ ಮಾತ್ರ. ಕಡಿಮೆ ಕೇಳಿದವನಿಗೆ ಟೆಂಡರ್. ಹೀಗಾಗಿ ಸರ್ವಿಸ್ ಚಾರ್ಜ್ ಇಳಿದು ಇಳಿದು ಸೊನ್ನೆಯ ಹತ್ತಿರ ಬಂದು ನಿಲ್ಲುತ್ತದೆ. ಲಾಭವೇ ಇಲ್ಲದ ವ್ಯಾಪಾರಕ್ಕೆ ಜನ ಕಿತ್ತಾಡಿಕೊಂಡು ಬರುತ್ತಾರಾ? ಬರುತ್ತಾರೆ ಅಂದರೆ ಲಾಭ ಬೇರೆ ಕಡೆ ಇದೆ.

ಸುಮ್ನೆ ಒಂದು ಲೆಕ್ಕ ಹಾಕಿ. 15,000 ರೂಪಾಯಿ ಸಂಬಳಕ್ಕೆ ಕೆಲಸಗಾರರ ಪಾಲಿನ ಪಿಎಫ್ ಶೇ 12, ಅಂದರೆ 1,800. ಮಾಲೀಕರ ಪಾಲು ಆಡಳಿತ ವೆಚ್ಚವೂ ಸೇರಿ ಶೇ 13, ಅಂದರೆ 1,950. ತಲೆಗೆ 3,750. ನೂರು ಜನರಿಗೆ ತಿಂಗಳಿಗೆ 3.75 ಲಕ್ಷ. ಇದನ್ನು ಕಟ್ಟದೆ ಕಟ್ಟಿದ ಹಾಗೆ ತೋರಿಸಿದರೆ ಸರ್ವಿಸ್ ಚಾರ್ಜ್ ಯಾಕೆ ಬೇಕು? ಇನ್ನು ನೂರು ಹೆಸರಿನಲ್ಲಿ ಹತ್ತು ಹೆಸರು ಬರೀ ಪುಸ್ತಕದಲ್ಲಿ ಇದ್ದರೆ ಸಂಬಳದ ಬಾಬತ್ತಿನಲ್ಲೇ ತಿಂಗಳಿಗೆ ಒಂದೂವರೆ ಲಕ್ಷ. ಆ ಹತ್ತು ಜನರ ಕೆಲಸವನ್ನು ಉಳಿದ ತೊಂಬತ್ತು ಜನ ಮಾಡುತ್ತಾರೆ. ಹಾಜರಿ ಪುಸ್ತಕ ಹೊರಗೆ ಬಂದರೆ ಕೆಲಸ ಮಾಡಿದವರ ಹೆಸರಿನ ಜೊತೆಗೆ ಕೆಲಸ ಮಾಡದವರ ಹೆಸರೂ ಹೊರಗೆ ಬರುತ್ತದೆ. ಪುಸ್ತಕ ಯಾಕೆ ಸಿಗುವುದಿಲ್ಲ ಅಂತ ಈಗ ಗೊತ್ತಾಯಿತಲ್ವಾ?

ಸಂಬಳ ಬ್ಯಾಂಕಿಗೇ ಹೋಗುತ್ತದಲ್ಲ ಅಂತೀರಾ? ಕೆಲಸಗಾರರ ಎಟಿಎಂ ಕಾರ್ಡನ್ನೆಲ್ಲ ಮೇಲ್ವಿಚಾರಕನೇ ರಬ್ಬರ್ ಬ್ಯಾಂಡ್ ಹಾಕಿ ಇಟ್ಟುಕೊಂಡಿದ್ದ ಕೇಸು ನನ್ನ ಹತ್ತಿರವೇ ಬಂದಿದೆ. ಪ್ರತಿ ಕಾರ್ಡಿನ ಹಿಂದೆ ಪಿನ್ ಬರೆದ ಚಿಕ್ಕ ಚೀಟಿ ಅಂಟಿಸಿತ್ತು. ಬ್ಯಾಂಕ್ ದಾಖಲೆ ಪ್ರಕಾರ ಎಲ್ಲರಿಗೂ ಪೂರ್ತಿ ಸಂಬಳ.

ಟೆಂಡರ್ ಕಾನೂನು ಇಲ್ಲ ಅಂತೇನಲ್ಲ. ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ತರುವ 1999ರ ಕೆಟಿಪಿಪಿ ಕಾಯ್ದೆ ಕರ್ನಾಟಕದಲ್ಲಿ 2000ರಿಂದ ಜಾರಿಯಲ್ಲಿದೆ. ಅನೇಕ ರಾಜ್ಯಗಳಿಗೆ ಇಂದಿಗೂ ಇಂಥದ್ದೊಂದು ಇಲ್ಲ. ಆದರೆ ಅದರ ಬೆಳಕು ಬೀಳುವುದು ಗುತ್ತಿಗೆ ಕೊಡುವ ದಿನದವರೆಗೆ. ಯಾರು ಎಷ್ಟಕ್ಕೆ ಬಿಡ್ ಹಾಕಿದರು ಅಂತ ನೋಡಬಹುದು. ವರ್ಕ್ ಆರ್ಡರ್ ಆದ ಮೇಲೆ ಏನು ನಡೆಯಿತು ಅನ್ನುವುದು ಕತ್ತಲು. ಅದೂ ಆ ಕಾಯ್ದೆಯ 4(ಜಿ) ಕಲಮಿನಡಿ ಸರ್ಕಾರದಿಂದ ವಿನಾಯಿತಿ ಸಿಕ್ಕಿದರೆ ಟೆಂಡರೇ ಬೇಡ. ದೊಡ್ಡ ಕಾಮಗಾರಿಯನ್ನು ತುಂಡು ತುಂಡು ಮಾಡಿ ಮಿತಿಯೊಳಗೆ ತರುವ ವಿದ್ಯೆ ನಿಮ್ಮ ಕಚೇರಿಗಳಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿದ್ದಾರೆ. 2021ರಲ್ಲಿ ಗುತ್ತಿಗೆದಾರರ ಸಂಘವೇ ಪ್ರಧಾನಿಗೆ ಪತ್ರ ಬರೆದು 40 ಪರ್ಸೆಂಟ್ ಕಮಿಷನ್ ಆರೋಪ ಮಾಡಿತಲ್ಲ, ಆಗ ಅವರಿಗೂ ಎದುರಾದ ಪ್ರಶ್ನೆ "ಸಾಕ್ಷಿ ಕೊಡಿ" ಅನ್ನುವುದೇ. ಕೋಟಿಗಳಲ್ಲಿ ವ್ಯವಹಾರ ಮಾಡುವವರಿಗೇ ಕಾಗದ ತೋರಿಸುವುದು ಕಷ್ಟವಾದರೆ ಪೊರಕೆ ಹಿಡಿದವರು ಎಲ್ಲಿಂದ ತರಬೇಕು?

ಒಳ್ಳೆಯದು ಆಗಿರುವುದನ್ನೂ ಹೇಳಬೇಕು. 2017ರಲ್ಲಿ ರಾಜ್ಯ ಸರ್ಕಾರ ಪೌರಕಾರ್ಮಿಕರ ಗುತ್ತಿಗೆ ಪದ್ಧತಿ ತೆಗೆದು, ಪಾಲಿಕೆಯೇ ಸಂಬಳ ಕೊಡುವ ನೇರ ಪಾವತಿ ತಂದಿತು. ಸುಲಭವಾಗಿ ಆಗಲಿಲ್ಲ. ಶುರುವಿನಲ್ಲಿ ಪಟ್ಟಿಯಲ್ಲಿ ಹೆಸರಿಲ್ಲದೆ, ಬೆರಳಚ್ಚು ಹೊಂದದೆ, ತಿಂಗಳುಗಟ್ಟಲೆ ಸಂಬಳ ನಿಂತು ಜನ ಪಟ್ಟ ಪಾಡು ಅಷ್ಟಿಷ್ಟಲ್ಲ. ವರ್ಷಗಟ್ಟಲೆ ಪೊರಕೆ ಹಿಡಿದು ಸವೆದ ಹೆಬ್ಬೆಟ್ಟನ್ನು ಯಂತ್ರ ಓದುವುದಿಲ್ಲ, ಅದಕ್ಕೇನು ಗೊತ್ತು. ಆದರೂ ಒಂದು ಕೆಲಸ ಆಯಿತು. ಹಾಜರಿ ಮತ್ತು ಸಂಬಳದ ದಾಖಲೆ ಗುತ್ತಿಗೆದಾರನ ಕೈಯಿಂದ ಪಾಲಿಕೆಯ ಕೈಗೆ ಬಂತು. 2022ರ ಜುಲೈನಲ್ಲಿ ಪೌರಕಾರ್ಮಿಕರು ಕೆಲಸ ನಿಲ್ಲಿಸಿ ಫ್ರೀಡಂ ಪಾರ್ಕ್‌ನಲ್ಲಿ ಕೂತರು. 2025ರ ಮೇ 1ರಂದು ಬಿಬಿಎಂಪಿಯ 12,692 ಪೌರಕಾರ್ಮಿಕರಿಗೆ ಖಾಯಂ ಆದೇಶ ಸಿಕ್ಕಿತು. ಹೋರಾಟ ಇಲ್ಲದೆ ಇದು ಆಗುತ್ತಿರಲಿಲ್ಲ, ನಿಜ. ಆದರೆ ಯಾರನ್ನು ಖಾಯಂ ಮಾಡಬೇಕು ಅನ್ನುವ ಪಟ್ಟಿ ಇಲ್ಲದಿದ್ದರೂ ಆಗುತ್ತಿರಲಿಲ್ಲ. ಆ ಪಟ್ಟಿ ಬಂದದ್ದು ನೇರ ಪಾವತಿಯಿಂದ.

ಮುಂಬೈಯಲ್ಲಿ ಇದೇ ಇನ್ನೊಂದು ರೀತಿ ಆಯಿತು. ಅಲ್ಲಿನ ಕಸ ಸಾಗಿಸುವ 2,700 ಕೆಲಸಗಾರರು ಮಹಾನಗರ ಪಾಲಿಕೆಯ ಖಾಯಂ ನೌಕರರೇ ಅಂತ 2017ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಗುತ್ತಿಗೆ ಬರೀ ಹೆಸರಿಗೆ ಅಂತ ಕೆಳಗಿನ ನ್ಯಾಯಮಂಡಳಿ ಹೇಳಿದ್ದು ನಿಂತಿತು. ಗೆದ್ದ ಮೇಲೂ ಎಷ್ಟೋ ಜನರಿಗೆ ಕೆಲಸ ಸಿಗಲಿಲ್ಲ. ಯಾಕೆ? ಪಟ್ಟಿಯಲ್ಲಿರುವ ಹೆಸರಿನ ಕಾಗುಣಿತಕ್ಕೂ ಗುರುತಿನ ಚೀಟಿಯ ಕಾಗುಣಿತಕ್ಕೂ ಹೊಂದಲಿಲ್ಲ. ಸುಪ್ರೀಂ ಕೋರ್ಟಿನ ತನಕ ಹೋಗಿ ಬಂದ ನ್ಯಾಯ ಒಂದು ದೀರ್ಘಕ್ಕೆ ಸಿಕ್ಕಿ ನಿಂತಿತು.

ಹಾಗಾದರೆ ನಮ್ಮಲ್ಲಿ ಈಗ ಉಳಿದವರು ಯಾರು? ರಸ್ತೆ ಗುಡಿಸುವವರ ವಿಷಯ ಮಾತ್ರ ಇಷ್ಟು ದೂರ ಬಂದಿದೆ. ಮನೆ ಬಾಗಿಲಿಗೆ ಬರುವ ಆಟೊ ಟಿಪ್ಪರ್‌ನ ಚಾಲಕರು, ಕಸ ಎತ್ತುವ ಸಹಾಯಕರು, ಪಾರ್ಕಿನ ಮಾಲಿಗಳು, ಕಚೇರಿಗಳ ಡೇಟಾ ಎಂಟ್ರಿಯವರು, ಪಾಲಿಕೆ ಆಸ್ಪತ್ರೆಗಳ ಆಯಾಗಳು, ಸೆಕ್ಯುರಿಟಿಯವರು. ಇವರ ಕೈಯಲ್ಲಿ ಏನಿದೆ? ಹೆಚ್ಚೆಂದರೆ ಒಂದು ಐಡಿ ಕಾರ್ಡು. ಅದರ ಮೇಲೆ ಏಜೆನ್ಸಿಯ ಹೆಸರು. ಎರಡು ವರ್ಷಕ್ಕೊಮ್ಮೆ ಏಜೆನ್ಸಿ ಬದಲಾಗುತ್ತದೆ, ಜನ ಅವರೇ, ಗಾಡಿ ಅದೇ, ರಸ್ತೆ ಅದೇ. ಹಳೇ ಕಾರ್ಡು ವಾಪಸ್ ಕೊಟ್ಟರೆ ಮಾತ್ರ ಹೊಸದು. ಹತ್ತು ವರ್ಷ ದುಡಿದವರ ಹತ್ತಿರ ಕೊನೆಗೆ ಉಳಿಯುವುದು ಕೊನೆಯ ಎಂಟು ತಿಂಗಳ ಗುರುತು.

ಈ "ಹತ್ತು ವರ್ಷ" ಅನ್ನುವುದಕ್ಕೆ ಒಂದು ಕಥೆ ಇದೆ. ಅದೂ ಕರ್ನಾಟಕದ್ದೇ. ಸುಪ್ರೀಂ ಕೋರ್ಟಿನ 2006ರ ಏಪ್ರಿಲ್ 10ರ ಉಮಾದೇವಿ ತೀರ್ಪು. ನಮ್ಮ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರಿಂದ ಶುರುವಾದದ್ದು. ಐವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಇಷ್ಟು: ಸರ್ಕಾರಿ ಕೆಲಸ ಎಲ್ಲರಿಗೂ ಅರ್ಜಿ ಕರೆದು ಕೊಡಬೇಕು, ಹಿಂಬಾಗಿಲಿನಿಂದ ಬಂದವರನ್ನು ಖಾಯಂ ಮಾಡುತ್ತ ಹೋಗುವ ಹಾಗಿಲ್ಲ. ಆದರೆ ಮಂಜೂರಾದ ಹುದ್ದೆಯಲ್ಲಿ ಕೋರ್ಟಿನ ತಡೆಯಾಜ್ಞೆಯ ಬಲದಿಂದಲ್ಲದೆ ಹತ್ತು ವರ್ಷ ದುಡಿದವರನ್ನು ಒಂದು ಸಲಕ್ಕೆ ಖಾಯಂ ಮಾಡಿ. ಮೊದಲ ಮಾತು ನನಗೂ ಒಪ್ಪಿಗೆ. ಕೆಲಸ ಹುಡುಕುತ್ತಿರುವ ಬೇರೆ ಬಡವರ ಮಕ್ಕಳಿಗೂ ಅರ್ಜಿ ಹಾಕುವ ಹಕ್ಕಿದೆ. ಮೀಸಲಾತಿ ಕೂಡ ಅರ್ಜಿ ಕರೆದಾಗ ಮಾತ್ರ ಸರಿಯಾಗಿ ನಡೆಯುತ್ತದೆ. ಶಿಫಾರಸು ಹಿಡಿದು ಬಂದವರಿಗೆ ನಾನು ವಕಾಲತ್ತು ಹಾಕುತ್ತಿಲ್ಲ.

ಆದರೆ ಈ ತೀರ್ಪನ್ನು ಹೇಗೆ ಬಳಸಿದರು ನೋಡಿ. "ಒಂದು ಸಲಕ್ಕೆ ಖಾಯಂ ಮಾಡಿ" ಅನ್ನುವ ಭಾಗ ಮರೆತರು, "ಖಾಯಂ ಮಾಡುವ ಹಾಗಿಲ್ಲ" ಅನ್ನುವ ಭಾಗ ಬಾಯಿಪಾಠ ಮಾಡಿದರು. ಹುದ್ದೆ ಮಂಜೂರು ಮಾಡದೇ ಇರುವುದು, ಆಮೇಲೆ ಹುದ್ದೆ ಇಲ್ಲ ಅನ್ನುವುದು. 2024ರ ಡಿಸೆಂಬರ್ 20ರಂದು ಕೇಂದ್ರ ಜಲ ಆಯೋಗದ ಸ್ವಚ್ಛತಾ ಕೆಲಸದವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಟೀಕಿಸಿತು. ವರ್ಷಗಟ್ಟಲೆ ನಿತ್ಯದ ಕೆಲಸ ಮಾಡಿಸಿಕೊಂಡು ಉಮಾದೇವಿ ತೀರ್ಪನ್ನು ಅವರ ವಿರುದ್ಧ ಆಯುಧ ಮಾಡಿಕೊಳ್ಳಬಾರದು ಅಂತ. ಗಾಜಿಯಾಬಾದ್ ಪ್ರಕರಣದಲ್ಲೂ ಅದೇ ಮಾತು ಬಂತು. ಕಸ ತೆಗೆಯುವುದು, ಬೀದಿ ಸ್ವಚ್ಛ ಮಾಡುವುದು ಪಾಲಿಕೆಯ ಕಡ್ಡಾಯ ಕೆಲಸ ಅಂತ 1976ರ ಕರ್ನಾಟಕ ಪೌರ ನಿಗಮಗಳ ಅಧಿನಿಯಮದ 58ನೇ ಕಲಮಿನಲ್ಲೇ ಬರೆದಿತ್ತು. ಕಡ್ಡಾಯ ಕೆಲಸ ಮಾಡುವವರು ಮಾತ್ರ ತಾತ್ಕಾಲಿಕ.

2025ರ ನವೆಂಬರ್ 21ರಿಂದ ಹಳೆಯ ಕಾರ್ಮಿಕ ಕಾಯ್ದೆಗಳ ಬದಲು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾದವು. ಕಾರ್ಮಿಕ ಸಂಘಗಳಿಗೆ ಇವುಗಳ ಮೇಲೆ ಬಹಳ ತಕರಾರಿದೆ, ನನಗೂ ಇದೆ. ಆದರೆ ಇಲ್ಲಿ ಉಪಯೋಗಕ್ಕೆ ಬರುವ ಎರಡು ಅಂಶ ಇವೆ. ಪ್ರತಿ ಕೆಲಸಗಾರರಿಗೂ ನೇಮಕಾತಿ ಪತ್ರ ಕೊಡಬೇಕು. ಗುತ್ತಿಗೆ ಕೆಲಸಗಾರರು ಕೇಳಿದರೆ ಗುತ್ತಿಗೆದಾರ ಅನುಭವ ಪತ್ರ ಕೊಡಬೇಕು. ತೊಂದರೆ ಇರುವ ಅಂಶವೂ ಇದೆ. ಗುತ್ತಿಗೆ ಕಾರ್ಮಿಕರ ನಿಯಮ ಮೊದಲು 20 ಜನರಿದ್ದ ಕಡೆ ಅನ್ವಯವಾಗುತ್ತಿತ್ತು, ಈಗ ಅದು 50ಕ್ಕೆ ಏರಿದೆ. ಒಂದು ವಾರ್ಡಿನ ಕೆಲಸವನ್ನು 49 ಜನರ ಎರಡು ಪ್ಯಾಕೇಜ್ ಮಾಡುವುದು ಎಷ್ಟು ಹೊತ್ತಿನ ಕೆಲಸ? ಮೂಲ ಚಟುವಟಿಕೆಗಳಲ್ಲಿ ಗುತ್ತಿಗೆ ಬೇಡ ಅಂತ ಸಂಹಿತೆ ಹೇಳುತ್ತದೆ. ಸ್ವಚ್ಛತೆಯನ್ನು ಅದರಿಂದ ಹೊರಗಿಟ್ಟಿದೆ, ಆದರೆ ಸಂಸ್ಥೆ ಇರುವುದೇ ಆ ಕೆಲಸಕ್ಕೆ ಅಂತಾದರೆ ಹೊರಗಿಡುವ ಹಾಗಿಲ್ಲ. ನಗರ ಪಾಲಿಕೆ ಇರುವುದು ಮತ್ಯಾವುದಕ್ಕೆ? ಈ ಪ್ರಶ್ನೆ ಕೋರ್ಟಿನಲ್ಲಿ ಹತ್ತು ವರ್ಷ ಓಡಾಡುವ ಮೊದಲು ನೀವೇ ಬೈಲಾದಲ್ಲಿ ಉತ್ತರ ಬರೆದುಬಿಡಿ.

ನಾನು ಕೇಳುವ ಬೈಲಾದಲ್ಲಿ ಇರಬೇಕಾದ್ದು ಇದು.

ಹಾಜರಿ ದಾಖಲೆ ಪಾಲಿಕೆಯ ಆಸ್ತಿ, ಗುತ್ತಿಗೆದಾರನದ್ದಲ್ಲ. ಯಂತ್ರ ಯಾರದ್ದೇ ಇರಲಿ, ಮುಖ ಗುರುತಿಸುವ ಆ್ಯಪ್ ಯಾವ ಕಂಪನಿಯದ್ದೇ ಇರಲಿ, ಮಾಹಿತಿ ಪ್ರತಿ ತಿಂಗಳು ಪಾಲಿಕೆಗೆ ಬಂದು ಸೇರಬೇಕು. ಕಂಪನಿಯ ಗುತ್ತಿಗೆ ಮುಗಿದ ದಿನ ಅದರ ಸರ್ವರ್ ಜೊತೆ ಸಾವಿರಾರು ಜನರ ಸೇವಾ ಇತಿಹಾಸವೂ ಹೋಗಬಾರದು. ವಿದ್ಯುನ್ಮಾನ ದಾಖಲೆಯನ್ನು ಕೋರ್ಟಿಗೆ ಕೊಡಲು ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಪ್ರಮಾಣಪತ್ರ ಬೇಕು. ಕೆಲಸಗಾರರು ಅದನ್ನು ಯಾರ ಹತ್ತಿರ ಹೋಗಿ ತರಬೇಕು? ಪಾಲಿಕೆಯಲ್ಲಿ ಒಬ್ಬ ಅಧಿಕಾರಿಯನ್ನು ಅದಕ್ಕೇ ಅಂತ ಹೆಸರಿಸಿ.

ತಿಂಗಳಿಗೊಮ್ಮೆ ಪ್ರತಿಯೊಬ್ಬರ ಕೈಗೂ ಒಂದು ಚೀಟಿ. ಹೆಸರು, ವಾರ್ಡು, ಗುತ್ತಿಗೆದಾರನ ಹೆಸರು, ವರ್ಕ್ ಆರ್ಡರ್ ನಂಬರ್, ಹಾಜರಾದ ದಿನ, ಕೊಟ್ಟ ಸಂಬಳ, ಕಟ್ಟಿದ ಪಿಎಫ್. ಕನ್ನಡದಲ್ಲಿ. ಮೊಬೈಲಿಗೆ ಮೆಸೇಜ್ ಕೂಡ ಕಳಿಸಿ, ಆದರೆ ಕಾಗದ ತಪ್ಪಿಸಬೇಡಿ. ಮೊಬೈಲ್ ಮಗನ ಹತ್ತಿರ ಇರುತ್ತದೆ, ಇಲ್ಲವೇ ನಂಬರ್ ಬದಲಾಗಿರುತ್ತದೆ. ಟ್ರಂಕಿನಲ್ಲಿ ಇಟ್ಟ ಕಾಗದ ಇಪ್ಪತ್ತು ವರ್ಷ ಇರುತ್ತದೆ, ನಾನು ನೋಡಿದ್ದೇನೆ.

ಈ ಚೀಟಿಯ ಪ್ರತಿ, ಬ್ಯಾಂಕ್ ಮತ್ತು ಪಿಎಫ್ ಚಲನ್ ಲಗತ್ತಿಸದೆ ಯಾವ ಬಿಲ್ಲೂ ಪಾಸ್ ಆಗಬಾರದು. ಪಾಸ್ ಮಾಡಿದ ಅಧಿಕಾರಿಯ ಹೆಸರು ಬಿಲ್ಲಿನ ಮೇಲೆ ಸಹಿಯ ಕೆಳಗೆ ಓದಲು ಬರುವ ಹಾಗೆ ಇರಬೇಕು. ಯಾರದ್ದೋ ಗೀಚು ಸಾಲದು. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಪಾಲಿಕೆ ಕೊಟ್ಟು ಅವನ ಬಿಲ್ಲಿನಲ್ಲಿ ಹಿಡಿದುಕೊಳ್ಳಬೇಕು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೇ ಇದು ಇತ್ತು, ಸಂಹಿತೆಯಲ್ಲೂ ಇದೆ. ಬೈಲಾದಲ್ಲಿ ಬರೆದರೆ ಕೆಳಗಿನವರಿಗೆ "ನಮಗೆ ಸುತ್ತೋಲೆ ಬಂದಿಲ್ಲ" ಅನ್ನಲು ಆಗುವುದಿಲ್ಲ.

ಗುತ್ತಿಗೆದಾರ ಬದಲಾದರೂ ಸೇವೆ ಮುಂದುವರಿದದ್ದು ಅಂತಲೇ ಲೆಕ್ಕ. ಕೆಲಸ ಪಾಲಿಕೆಯದ್ದು, ರಸ್ತೆ ಪಾಲಿಕೆಯದ್ದು. ನಡುವಿನ ಬೋರ್ಡು ಬದಲಾದ ಮಾತ್ರಕ್ಕೆ ಮನುಷ್ಯರ ವರ್ಷಗಳು ಸೊನ್ನೆಯಾಗಬಾರದು. ಇಲ್ಲಿ ಒಂದು ಸಂದು ಮುಚ್ಚುವುದು ಮುಖ್ಯ. ಕಸದ ಕೆಲಸ ಈಗ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ ಅನ್ನುವ ಕಂಪನಿಯ ಕೈಯಲ್ಲಿದೆ. ಕಂಪನಿ ಬೇರೆ, ಪಾಲಿಕೆ ಬೇರೆ ಅಂತ ನಾಳೆ ಇಬ್ಬರೂ ಕೈ ತೊಳೆದುಕೊಳ್ಳಬಹುದು. ಪಾಲಿಕೆಯ ದುಡ್ಡಿನಲ್ಲಿ ನಡೆಯುವ ಯಾವ ಕಂಪನಿಗೂ ಈ ಷರತ್ತು ಅನ್ವಯ ಅಂತ ಬರೆಯಿರಿ.

ಇನ್ನು ನ್ಯಾಯಾಲಯದ ವಿಷಯ. ಚೀಟಿಯನ್ನಾಗಲಿ ಹಾಜರಿಯನ್ನಾಗಲಿ ಪಾಲಿಕೆ ಕೊಡಲು ಆಗದ ಅವಧಿಗೆ, ಕೆಲಸಗಾರರ ಹೇಳಿಕೆಗೆ ಬೇರೆ ಯಾವುದಾದರೂ ಆಧಾರ ಸಿಕ್ಕಿದರೆ ಅದನ್ನು ಪಾಲಿಕೆ ಒಪ್ಪಬೇಕು. ಹಳೇ ಐಡಿ ಕಾರ್ಡು, ಇಎಸ್ಐ ಚೀಟಿ, ಸಮವಸ್ತ್ರ ಕೊಟ್ಟ ರಿಜಿಸ್ಟರ್, ಜೊತೆಗೆ ಕೆಲಸ ಮಾಡಿದ ಖಾಯಂ ನೌಕರರ ಹೇಳಿಕೆ, ಕೊರೊನಾ ಕಾಲದಲ್ಲಿ ಕೊಟ್ಟ ಪಾಸು, ಏನಾದರೂ ಸರಿ. "ನಮ್ಮ ಹತ್ತಿರ ದಾಖಲೆ ಇಲ್ಲ, ಆದ್ದರಿಂದ ಇವರು ಕೆಲಸ ಮಾಡಿಲ್ಲ" ಅನ್ನುವ ವಾದವನ್ನು ಪಾಲಿಕೆ ತನ್ನ ವಕೀಲರಿಂದ ಮಾಡಿಸಬಾರದು. ದಾಖಲೆ ಇದ್ದು ಅದು ಕೆಲಸಗಾರರಿಗೆ ವಿರುದ್ಧವಾಗಿದ್ದರೆ ಧಾರಾಳವಾಗಿ ತೋರಿಸಿ, ಹೋರಾಡಿ. ಸುಳ್ಳು ಕ್ಲೇಮುಗಳು ಬರುತ್ತವೆ, ನಾನು ಇಲ್ಲ ಅನ್ನುವುದಿಲ್ಲ. ಸುಳ್ಳನ್ನು ಹಿಡಿಯಲು ಕೂಡ ಪುಸ್ತಕವೇ ಬೇಕಲ್ವಾ?

ವಯಸ್ಸಿನ ಬಗ್ಗೆ ಒಂದು ಸಾಲು ಸೇರಿಸಿ. ಬಹಳ ಜನರ ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1. ಆ ದಿನ ಅಷ್ಟೊಂದು ಹೆರಿಗೆ ಆಗಿದ್ದರೆ ವಾಣಿವಿಲಾಸ ಆಸ್ಪತ್ರೆ ಒಡೆದುಹೋಗಬೇಕಿತ್ತು. ಆಧಾರ್ ಹುಟ್ಟಿದ ದಿನಾಂಕಕ್ಕೆ ಪುರಾವೆ ಅಲ್ಲ ಅಂತ 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಆಧಾರ್ ನೋಡಿ ವಯಸ್ಸು ಮೀರಿತು ಅಂತ ಅರ್ಜಿ ಪಕ್ಕಕ್ಕಿಡುವುದನ್ನು ನಾನು ಕಂಡಿದ್ದೇನೆ. ಶಾಲೆ ದಾಖಲೆ ಇಲ್ಲದಿದ್ದರೆ ವೈದ್ಯಕೀಯ ತಪಾಸಣೆ ಮಾಡಿಸಿ, ಪಾಲಿಕೆ ಖರ್ಚಿನಲ್ಲಿ.

ಇವೆಲ್ಲಕ್ಕೂ ಮೊದಲು ಆಗಬೇಕಾದ ಒಂದು ತುರ್ತು ಕೆಲಸ ಇದೆ. ಅದಕ್ಕೆ ಬೈಲಾ ಬರುವವರೆಗೆ ಕಾಯುವ ಅಗತ್ಯವಿಲ್ಲ. ಬಿಬಿಎಂಪಿ ಐದು ಹೋಳಾದಾಗ ಕಚೇರಿ ಹಂಚಿದಿರಿ, ಸಿಬ್ಬಂದಿ ಹಂಚಿದಿರಿ. ಹಳೇ ಮಸ್ಟರ್ ರೋಲ್, ಸಂಬಳದ ಪಟ್ಟಿ, ಗುತ್ತಿಗೆ ಪತ್ರ, ಅಳತೆ ಪುಸ್ತಕಗಳು ಯಾವ ಪಾಲಿಕೆಯ ಯಾವ ಕೋಣೆಯಲ್ಲಿವೆ ಅಂತ ಒಂದು ಪಟ್ಟಿ ಮಾಡಿ ಪ್ರಕಟಿಸಿ. ಒಂದು ವಾರ್ಡಿನಲ್ಲಿ ಹತ್ತು ವರ್ಷ ಕೆಲಸ ಮಾಡಿದವರ ಮಸ್ಟರಿಂಗ್ ಸೆಂಟರ್ ಈಗ ಪಶ್ಚಿಮಕ್ಕೂ ರಸ್ತೆ ಕೇಂದ್ರಕ್ಕೂ ಸೇರಿದ್ದರೆ ಅವರು ಯಾರನ್ನು ಕೇಳಬೇಕು? ಈ ಗೊಂದಲ ಬಗೆಹರಿಯುವವರೆಗೆ ಒಂದು ಕಾಗದವನ್ನೂ ರದ್ದಿಗೆ ಹಾಕಬೇಡಿ. ಕಚೇರಿ ಸ್ಥಳಾಂತರ ಅಂದಾಗಲೆಲ್ಲ ಹಳೇ ಕಡತಗಳ ಗಂಟು ಮೆಟ್ಟಿಲ ಕೆಳಗೆ ಹೋಗಿ ಬೀಳುತ್ತದೆ, ಅಲ್ಲಿಗೆ ನೀರು ನುಗ್ಗುತ್ತದೆ, ಆಮೇಲೆ ಆರ್‌ಟಿಐ ಅರ್ಜಿಗೆ "ಮಾಹಿತಿ ಲಭ್ಯವಿಲ್ಲ" ಅಂತ ಉತ್ತರ ಬರುತ್ತದೆ.

ಖರ್ಚಿನ ಬಗ್ಗೆ ಯಾರಾದರೂ ಕೇಳುತ್ತಾರೆ. ಚೀಟಿ ಅಚ್ಚು ಹಾಕಿಸುವುದಕ್ಕೆ, ಒಂದು ಮೆಸೇಜ್ ಕಳಿಸುವುದಕ್ಕೆ ಆಗುವ ಖರ್ಚನ್ನು, ಇಲ್ಲದ ಹೆಸರುಗಳಿಗೆ ಹೋಗುತ್ತಿರುವ ಸಂಬಳದ ಪಕ್ಕ ಇಟ್ಟು ನೋಡಿ. ಅದರ ಜೊತೆಗೆ ಒಂದೊಂದು ಕೇಸನ್ನೂ ಕಾರ್ಮಿಕ ನ್ಯಾಯಾಲಯದಿಂದ ಹೈಕೋರ್ಟಿಗೆ, ಅಲ್ಲಿಂದ ದೆಹಲಿಗೆ ಒಯ್ಯುವ ವಕೀಲರ ಫೀಸನ್ನೂ ಸೇರಿಸಿ. ನನ್ನ ಹೊಟ್ಟೆಪಾಡಿಗೆ ಇದರಿಂದ ಸ್ವಲ್ಪ ಏಟು ಬೀಳುತ್ತದೆ, ಪರವಾಗಿಲ್ಲ.

ಕರಡು ಸಿದ್ಧ ಮಾಡಿದಾಗ ಕನ್ನಡದಲ್ಲಿ ಪ್ರಕಟಿಸಿ, ಪ್ರತಿ ಮಸ್ಟರಿಂಗ್ ಸೆಂಟರ್‌ನ ಗೋಡೆಗೂ ಅಂಟಿಸಿ. ಆಕ್ಷೇಪಣೆ ಕೇಳುವ ಸಭೆಯನ್ನು ಎಂದಿನಂತೆ ಬೆಳಗ್ಗೆ ಹನ್ನೊಂದಕ್ಕೆ ಕೇಂದ್ರ ಕಚೇರಿಯಲ್ಲಿ ಇಡಬೇಡಿ. ಆ ಹೊತ್ತಿಗೆ ಇವರೆಲ್ಲ ರಸ್ತೆಯಲ್ಲಿರುತ್ತಾರೆ, ಸಭೆಗೆ ಬರುವವರು ಗುತ್ತಿಗೆದಾರರು ಮತ್ತು ನನ್ನಂಥ ವಕೀಲರು ಮಾತ್ರ. ಪಾಳಿ ಮುಗಿದ ಮೇಲೆ, ಮಧ್ಯಾಹ್ನ ಮೂರರ ನಂತರ, ಪ್ರತಿ ಪಾಲಿಕೆಯಲ್ಲೂ ಎರಡು ಮೂರು ಕಡೆ ಇಡಿ. ಬರೆದು ಕೊಡಲು ಬರದವರು ಬಾಯಲ್ಲಿ ಹೇಳಿದ್ದನ್ನು ಪೂರ್ತಿ ಬರೆದುಕೊಳ್ಳಲು ಒಬ್ಬರನ್ನು ಕೂರಿಸಿ. ಬಂದವರಿಗೆ ಆ ದಿನದ ಹಾಜರಿ ಕಡಿತ ಮಾಡುವುದಿಲ್ಲ ಅಂತ ನೋಟಿಸಿನಲ್ಲೇ ಹಾಕಿ.

ಇಂತಿ,
ಕಾರ್ಮಿಕರ ಪರ ಕೇಸು ನಡೆಸುವ ಒಬ್ಬ ವಕೀಲೆ
ಬೆಂಗಳೂರು